ಪಾಠ ಕಳೆದುಕೊಂಡ ಮುಖ್ಯೋಪಾಧ್ಯಾಯಿನಿ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಮುಖ್ಯೋಪಾಧ್ಯಾಯಿನಿ ನನ್ನ ಬಳಿ ಬಂದಾಗ ಅವರ ಪ್ರಶ್ನೆ ಒಂದೇ ಆಗಿತ್ತು: ರಾಜೀನಾಮೆ ಕೊಡಬೇಕೋ, ಬೇಡವೋ. ಪತ್ರ ಬರೆದಾಗಿತ್ತು, ತಾರೀಖು ಹಾಕುವುದಷ್ಟೇ ಬಾಕಿ. “ನನಗೆ ಪಾಠ ಹೇಳಲು ಬರುತ್ತದೆ, ಶಾಲೆ ನಡೆಸಲು ಬರುವುದಿಲ್ಲ. ಇಷ್ಟನ್ನು ಒಪ್ಪಿಕೊಳ್ಳಲು ಎರಡು ವರ್ಷ ಹಿಡಿಯಿತು” ಎಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ, ನಡೆದದ್ದರ ತಿರುಳನ್ನು ಬದಲಿಸಿಲ್ಲ.

ಶಾಲೆಯ ಮುಖ್ಯಸ್ಥರು ಆಪ್ತಸಲಹೆಗೆ ಬರುವುದು ಕಡಿಮೆ. ಬಂದರೂ ತೀರ ತಡವಾಗಿ ಬರುತ್ತಾರೆ. ಮಕ್ಕಳನ್ನು ನಮ್ಮ ಬಳಿ ಕಳುಹಿಸುವವರು ಅವರೇ. ತಾವೂ ಬಂದು ಕೂರಬಹುದು ಎಂಬುದು ಅವರಿಗೆ ಹೊಳೆಯುವುದಿಲ್ಲ. ಶಿಕ್ಷಕರಿಗೆ ಮನಸ್ಸು ಕೆಟ್ಟರೆ ಶಿಕ್ಷಕರ ಕೊಠಡಿ ಇದೆ, ಅಲ್ಲಿ ಕಿವಿಗೊಡುವವರು ಯಾರಾದರೂ ಇರುತ್ತಾರೆ. ಮುಖ್ಯಸ್ಥರು ಆ ಕೊಠಡಿಯಲ್ಲಿ ಹೇಳಿಕೊಳ್ಳುವಂತಿಲ್ಲ. ಆಡಳಿತ ಮಂಡಳಿಯ ಮುಂದೆ ಹೇಳಿಕೊಂಡರೆ ಕೈಲಾಗದವರು ಎಂಬ ಹೆಸರು ಬರುತ್ತದೆ. ಮನೆಯಲ್ಲಿ ಎಷ್ಟು ದಿನ ಅದೇ ಮಾತು ಎಂಬ ಸಂಕೋಚ. ಹುದ್ದೆಯಿಂದ ಹುಟ್ಟುವ ಈ ಒಂಟಿತನವನ್ನು ಅವರು ತಮ್ಮ ಸ್ವಭಾವದ ದೋಷ ಎಂದುಕೊಂಡು ಒಳಗೊಳಗೇ ನೋಯುತ್ತಾರೆ. ಇಂಥವರು ಓದಲಿ ಎಂದೇ ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಅವರಿಗೆ ಐವತ್ತರ ಆಸುಪಾಸು. ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದೇ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಗಣಿತಕ್ಕೆ ಹೆದರುವ ಮಕ್ಕಳು ಅವರಿಗೆ ಹೆದರುತ್ತಿರಲಿಲ್ಲ. ಹಿಂದಿನ ಮುಖ್ಯೋಪಾಧ್ಯಾಯರು ನಿವೃತ್ತರಾದಾಗ, ನೀವೇ ಆಗಬೇಕು ಎಂದು ಸಹೋದ್ಯೋಗಿಗಳೇ ಒತ್ತಾಯಿಸಿದ್ದರು. ಅಧಿಕಾರ ವಹಿಸಿಕೊಂಡ ಮೊದಲ ತಿಂಗಳಲ್ಲೇ ತಮ್ಮ ಗಣಿತದ ತರಗತಿಗಳನ್ನು ಕಿರಿಯ ಶಿಕ್ಷಕಿಯೊಬ್ಬರಿಗೆ ಬಿಟ್ಟುಕೊಟ್ಟರು. ಈ ಮಾತನ್ನು ಅವರು ದಾರಿಯಲ್ಲಿ ಸಿಕ್ಕಿದ ಸಂಗತಿಯಂತೆ ಹೇಳಿ ಮುಂದೆ ಹೋದರು. ನಾನು ಅದನ್ನು ಗುರುತು ಹಾಕಿಟ್ಟುಕೊಂಡೆ.

ಮಿಕ್ಕ ದೂರುಗಳು ಉದ್ದವಾಗಿದ್ದವು. ನಸುಕಿನ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ಹೊತ್ತಿನಲ್ಲೇ ಮೊಬೈಲ್ ತೆರೆದು ಪೋಷಕರ ಸಂದೇಶಗಳಿಗೆ ಉತ್ತರ ಬರೆಯುತ್ತಾರೆ. ವೇಳಾಪಟ್ಟಿಯಿಂದ ಹಿಡಿದು ನಲ್ಲಿಯ ದುರಸ್ತಿಯವರೆಗೆ ಎಲ್ಲವನ್ನೂ ತಾವೇ ನೋಡುತ್ತಾರೆ. ಸಣ್ಣ ಮಾತಿಗೂ ಕಣ್ಣು ತುಂಬುತ್ತದೆ. ತಾವು ಒಳಗೆ ಕಾಲಿಟ್ಟರೆ ಶಿಕ್ಷಕರ ಕೊಠಡಿ ಮೌನವಾಗುತ್ತದೆ.

ಯಾರೇ ಬರಲಿ, ಮೊದಲು ದೇಹದ ಕಡೆ ನೋಡುವುದು ನನ್ನ ಕ್ರಮ. ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನು ಅವರಿಗೆ ಕೊಟ್ಟೆ. ಅದರಲ್ಲಿ ಒಂಬತ್ತು ಪ್ರಶ್ನೆಗಳಿವೆ, ಒಟ್ಟು ಅಂಕ 27. ಅವರಿಗೆ 12 ಬಂತು. 10ರಿಂದ 14ರವರೆಗಿನದು ಮಧ್ಯಮ ಮಟ್ಟ. ಕೊನೆಯ ಪ್ರಶ್ನೆ ಸಾವಿನ ಮತ್ತು ತನಗೇ ಹಾನಿ ಮಾಡಿಕೊಳ್ಳುವ ಯೋಚನೆಗಳನ್ನು ಕುರಿತದ್ದು. ಅದನ್ನು ಕಾಗದದ ಮೇಲಿನ ಗುರುತಿಗೇ ಬಿಡದೆ ಬಾಯಿಬಿಟ್ಟು ಕೇಳಿದೆ. ಅಂಥ ಯೋಚನೆ ಇಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಪ್ರಶ್ನಾವಳಿ ರೋಗನಿರ್ಣಯವಲ್ಲ, ವೈದ್ಯರನ್ನು ಕಾಣಬೇಕೋ ಎಂಬುದಕ್ಕೆ ಒಂದು ಸೂಚನೆ ಮಾತ್ರ ಎಂದು ತಿಳಿಸಿ, ರಕ್ತದೊತ್ತಡ, ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿಕೊಳ್ಳಲು ವೈದ್ಯರ ಬಳಿ ಕಳುಹಿಸಿದೆ. ಮುಟ್ಟಿನ ಏರುಪೇರನ್ನೂ ರಾತ್ರಿಯ ಬೆವರನ್ನೂ ಮರೆಯದೆ ಹೇಳಬೇಕೆಂದೂ ತಿಳಿಸಿದೆ.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಋತುಬಂಧ ಹೆಚ್ಚಿನ ಮಹಿಳೆಯರಲ್ಲಿ 45ರಿಂದ 55ರ ನಡುವೆ ಆಗುತ್ತದೆ. ಅದಕ್ಕೆ ಮುಂಚಿನ ಕೆಲವು ವರ್ಷ ನಿದ್ದೆ ಕೆಡುವುದು, ಮೈ ಬಿಸಿಯೇರಿ ಬೆವರುವುದು, ಮನಸ್ಸು ಬೇಗ ಕಲಕುವುದು ಸಾಮಾನ್ಯ. ಮಹಿಳೆಯರು ಶಾಲೆಯ ಮುಖ್ಯಸ್ಥರಾಗುವ ವಯಸ್ಸೂ ಹೆಚ್ಚುಕಡಿಮೆ ಅದೇ. ದೇಹದ ಬದಲಾವಣೆಯನ್ನು ಅವರು ಹುದ್ದೆಯ ಅಸಾಮರ್ಥ್ಯ ಎಂದು ಓದಿಕೊಂಡಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಇವರ ವಿಷಯದಲ್ಲೂ ವೈದ್ಯರು ಹೇಳಿದ್ದು ಅದನ್ನೇ, ಜೊತೆಗೆ ರಕ್ತಹೀನತೆಯೂ ಇತ್ತು. ಚಿಕಿತ್ಸೆ ಶುರುವಾಯಿತು. ನಿದ್ದೆಗಾಗಿ ನಾನು ಹೇಳಿದ್ದು ಕಡಿಮೆ: ಮೊಬೈಲ್ ಮಲಗುವ ಕೋಣೆಯಿಂದ ಹೊರಗಿರಲಿ; ಎಚ್ಚರವಾಗಿ ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಎದ್ದು ಬೇರೆಡೆ ಕುಳಿತು, ಕಣ್ಣೆಳೆದಾಗ ಮರಳಿ; ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ.

ರಾಜೀನಾಮೆಯ ಪ್ರಶ್ನೆಗೆ ಅವರು ಅಂದೇ ಉತ್ತರ ಬಯಸಿದ್ದರು. ನಾನು ಕೊಟ್ಟಿದ್ದು ಉತ್ತರವಲ್ಲ, ಗಡುವು. ಈ ಶೈಕ್ಷಣಿಕ ಅವಧಿ ಮುಗಿಯುವವರೆಗೆ ಪತ್ರಕ್ಕೆ ತಾರೀಖು ಹಾಕಬೇಡಿ. ಅವಧಿ ಮುಗಿದ ಮೇಲೆ, ಸರಿಯಾಗಿ ನಿದ್ದೆ ಮಾಡಿದ ತಲೆಯಿಂದ ನಿರ್ಧರಿಸಿ. ಆಗಲೂ ಬಿಡಬೇಕೆನಿಸಿದರೆ ಅದನ್ನು ಸೋಲು ಎನ್ನದೆ ಹೇಗೆ ಬಿಡುವುದೆಂದು ಇಬ್ಬರೂ ಕೂತು ಯೋಚಿಸೋಣ ಎಂದೆ. ನಿರ್ಧಾರವನ್ನು ಮುಂದೂಡುವುದು ಬೇರೆ, ಅದಕ್ಕೊಂದು ದಿನ ಗೊತ್ತುಮಾಡುವುದು ಬೇರೆ. ದಿನ ಗೊತ್ತಾದ ಮೇಲೆ ಮನಸ್ಸು ಪ್ರತಿ ರಾತ್ರಿ ಅದೇ ಲೆಕ್ಕವನ್ನು ಹೊಸದಾಗಿ ಹಾಕುವುದನ್ನು ನಿಲ್ಲಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ವೃತ್ತಿಬಳಲಿಕೆಯ ವಿವರಣೆ ಇದೆ. ಅದನ್ನು ಕಾಯಿಲೆ ಎಂದು ಕರೆದಿಲ್ಲ. ನಿಭಾಯಿಸಲಾಗದೆ ಉಳಿದ, ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ವೃತ್ತಿಸಂಬಂಧಿ ಸ್ಥಿತಿ ಎಂದು ಹೇಳಿ ಮೂರು ಲಕ್ಷಣಗಳನ್ನು ಕೊಟ್ಟಿದೆ: ಶಕ್ತಿಯೆಲ್ಲ ಸೋರಿಹೋದಂಥ ದಣಿವು, ಕೆಲಸದಿಂದ ಮನಸ್ಸು ದೂರವಾಗಿ ತಾತ್ಸಾರ ಬೆಳೆಯುವುದು, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ. ಇವರಲ್ಲಿ ಮೊದಲನೆಯದೂ ಮೂರನೆಯದೂ ಢಾಳಾಗಿದ್ದವು. ಎರಡನೆಯದು ಇರಲೇ ಇಲ್ಲ. ಯಾವುದಾದರೂ ಮಗುವಿನ ಹೆಸರು ಬಂದರೆ ಸಾಕು, ಕುಸಿದು ಕೂತಿದ್ದವರು ನೆಟ್ಟಗಾಗುತ್ತಿದ್ದರು. ಆ ಮಗು ಯಾವ ಲೆಕ್ಕದಲ್ಲಿ ಎಡವುತ್ತದೆ, ಏಕೆ ಎಡವುತ್ತದೆ ಎಂದು ಹೇಳುತ್ತಿದ್ದರು. ಶಾಲೆ ಬೇಡವಾದವರು ಹೀಗೆ ಮಾತಾಡುವುದಿಲ್ಲ. ಅವರಿಗೆ ಬೇಡವಾಗಿರುವುದು ಬೇರೇನೋ ಇದೆ, ಅದನ್ನು ಹುಡುಕಬೇಕು ಎಂದುಕೊಂಡೆ.

ಹುಡುಕಲು ಒಂದು ಪುಸ್ತಕ ಇಟ್ಟುಕೊಳ್ಳಲು ಹೇಳಿದೆ. ಎರಡು ವಾರ, ಪ್ರತಿ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಎಂಬುದು, ಪಕ್ಕದಲ್ಲಿ ಆ ಹೊತ್ತಿಗೆ ಮನಸ್ಸು ಹೇಗಿತ್ತು ಎಂಬುದಕ್ಕೆ ಒಂದೇ ಪದ. ಗಣಿತದವರಾದ್ದರಿಂದ ಗೆರೆ ಎಳೆದು, ಕಲಂ ಮಾಡಿ, ಅಚ್ಚುಕಟ್ಟಾಗಿ ಬರೆದು ತಂದರು. ಮೊದಲು ಅವರ ಕಣ್ಣಿಗೆ ಬಿದ್ದದ್ದು ಚೂರುಚೂರಾದ ದಿನ. “ನೋಡಿ, ಒಂದು ಕೆಲಸವನ್ನೂ ಹತ್ತು ನಿಮಿಷ ಬಿಡದೆ ಮಾಡಿಲ್ಲ. ನನಗೆ ಏಕಾಗ್ರತೆಯೇ ಹೋಗಿದೆ” ಎಂದರು. ಅದಕ್ಕೆ ನಾನು ನಿರ್ವಹಣಾಶಾಸ್ತ್ರದ ವಿದ್ವಾಂಸ ಹೆನ್ರಿ ಮಿಂಟ್ಜ್‌ಬರ್ಗ್ ಅವರ ಅಧ್ಯಯನದ ವಿಷಯ ಹೇಳಿದೆ. ಅವರು ಐವರು ಮುಖ್ಯಾಧಿಕಾರಿಗಳ ಪಕ್ಕದಲ್ಲೇ ಒಂದೊಂದು ವಾರ ಇದ್ದು ಗಮನಿಸಿ, ಕಂಡದ್ದನ್ನು 1973ರಲ್ಲಿ ಪ್ರಕಟಿಸಿದರು. ಐವರಲ್ಲೊಬ್ಬರು ಶಾಲಾ ವ್ಯವಸ್ಥೆಯೊಂದರ ಮುಖ್ಯಸ್ಥರು. ಆ ಅಧಿಕಾರಿಗಳ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷದೊಳಗೆ ಮುಗಿಯುವಂಥವು. ಒಂದು ಗಂಟೆ ಮೀರಿದವು ಹತ್ತರಲ್ಲಿ ಒಂದು ಮಾತ್ರ. ಮುಖ್ಯಸ್ಥರ ಕೆಲಸ ಇರುವುದೇ ಹಾಗೆ. ಇಪ್ಪತ್ತು ವರ್ಷ ಗಂಟೆ ಹೊಡೆಯುವವರೆಗೆ ಒಂದೇ ಪಾಠದಲ್ಲಿ ಮುಳುಗಿದ್ದವರಿಗೆ ಅದು ತಮ್ಮ ಬುದ್ಧಿಯೇ ಒಡೆದುಹೋದಂತೆ ಕಾಣುವುದು ಸಹಜ. ಈ ಒಂದು ವಿಷಯ ಕೇಳಿ ಅವರ ಮುಖ ಎಷ್ಟು ಸಡಿಲವಾಯಿತು ಎಂದರೆ, ಮುಖ್ಯಸ್ಥರಾಗುವವರಿಗೆಲ್ಲ ಇದನ್ನು ಮೊದಲ ದಿನವೇ ಯಾರಾದರೂ ಹೇಳಬಾರದೇ ಎನಿಸಿತು.

ಪುಸ್ತಕದ ಪಕ್ಕದ ಕಲಂ ಇನ್ನೊಂದು ಕಥೆ ಹೇಳುತ್ತಿತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಶಿಕ್ಷಕರ ಕೊಠಡಿಯ ಮೌನ.

ಅದು ಯಾವಾಗ ಶುರುವಾಯಿತು ಎಂದು ಕೇಳಿದಾಗ ಅವರು “ನಾನು ಕುರ್ಚಿಗೇರಿದಾಗಿನಿಂದ” ಎಂದರು. ತಿಂಗಳು ತಿಂಗಳಾಗಿ ಹಿಂದಕ್ಕೆ ಹೋಗಿ ನೋಡಿದರೆ ಹಾಗಿರಲಿಲ್ಲ. ಮೊದಲ ವರ್ಷ ಎಲ್ಲರೂ ಚೆನ್ನಾಗಿಯೇ ಇದ್ದರು. ಎರಡನೇ ವರ್ಷದ ನಡುವೆ ಒಂದು ಘಟನೆ ನಡೆದಿತ್ತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಕಿರುಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದಿದ್ದ. ಇಂಗ್ಲಿಷ್ ಶಿಕ್ಷಕಿ ಸೊನ್ನೆ ಕೊಟ್ಟು ಮನೆಗೆ ತಿಳಿಸಿದರು. ಮರುದಿನ ಹುಡುಗನ ತಂದೆ ಕಚೇರಿಗೆ ಬಂದು ಕೂಗಾಡಿದರು. ಮೇಲಿನವರಿಗೆ ದೂರು ಕೊಡುತ್ತೇನೆ ಎಂದರು. ಇವರು ಶಿಕ್ಷಕಿಯನ್ನು ಕರೆಸಿ, ತಂದೆಯ ಎದುರಿಗೇ, “ಇನ್ನೊಮ್ಮೆ ಪರೀಕ್ಷೆ ಕೊಟ್ಟುಬಿಡೋಣ” ಎಂದರು. ಶಿಕ್ಷಕಿ “ಸರಿ ಮೇಡಂ” ಎಂದು ಹೊರಟುಹೋದರು. ಇವರ ಪಾಲಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ಅದೇ ಘಟನೆಯನ್ನು ಶಿಕ್ಷಕಿ ನಿಂತಿದ್ದ ಜಾಗದಿಂದ ಹೇಳಿ ಎಂದೆ. ಬಾಗಿಲು, ಮೇಜು, ತಂದೆ ಕೂತಿದ್ದ ಕುರ್ಚಿ, ಎಲ್ಲವನ್ನೂ ಹೇಳುತ್ತಾ ಬಂದವರು ತಟ್ಟನೆ ನಿಂತರು. ಆಮೇಲೆ, “ಅವರು ಕೂತಿದ್ದರು. ನಾನು ಕೂತಿದ್ದೆ. ಆಕೆಗೆ ಕೂತುಕೊಳ್ಳಿ ಎಂದು ಕೂಡ ನಾನು ಹೇಳಲಿಲ್ಲ” ಎಂದರು.

ಆಂಟನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ ಅವರು ಶಿಕಾಗೋ ನಗರದ ಪ್ರಾಥಮಿಕ ಶಾಲೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವಿಚಾರ ಇಲ್ಲಿ ನನಗೆ ಉಪಯೋಗಕ್ಕೆ ಬಂತು. ಶಾಲೆಯೊಳಗಿನ ನಂಬಿಕೆಯನ್ನು ಜನ ನಾಲ್ಕು ಸಂಗತಿಗಳಿಂದ ಅಳೆಯುತ್ತಾರೆ ಎನ್ನುತ್ತಾರೆ ಅವರು: ಗೌರವ, ಕೆಲಸದ ಸಾಮರ್ಥ್ಯ, ಒಬ್ಬರ ಬಗ್ಗೆ ಒಬ್ಬರಿಗಿರುವ ಕಾಳಜಿ, ನುಡಿದಂತೆ ನಡೆಯುವ ಪ್ರಾಮಾಣಿಕತೆ. ಇವರ ಸಾಮರ್ಥ್ಯವನ್ನು ಶಾಲೆಯಲ್ಲಿ ಯಾರೂ ಸಂದೇಹಿಸಿರಲಿಲ್ಲ. ಕಾಳಜಿಯೂ ಎಲ್ಲರಿಗೂ ಗೊತ್ತಿತ್ತು. ಆದರೆ ಆ ಕೆಲವೇ ನಿಮಿಷಗಳಲ್ಲಿ ಮಿಕ್ಕ ಎರಡೂ ಮುರಿದಿದ್ದವು. ನಕಲು ತಪ್ಪು ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದವರೇ ಕೂಗಾಟಕ್ಕೆ ಮಣಿದಿದ್ದರು. ಕೊಠಡಿ ಮೌನವಾದದ್ದು ಅಸೂಯೆಯಿಂದಲ್ಲ. ನಾಳೆ ನಮಗೂ ಹೀಗೇ ಆಗಬಹುದು ಎಂಬ ಎಚ್ಚರದಿಂದ.

ಕ್ಷಮೆ ಕೇಳಿ ಎಂದೆ. ಅವರು ಹಿಂಜರಿದರು. ಮುಖ್ಯಸ್ಥರೇ ಕ್ಷಮೆ ಕೇಳಿದರೆ ಸದರವಾಗುವುದಿಲ್ಲವೇ ಎಂಬುದು ಅವರ ಅಳುಕು. ನಾನು ಕೇಳಿದ್ದು ಇಷ್ಟೇ: ಆ ದಿನ ಏನು ನಡೆಯಿತು ಎಂಬುದು ನಿಮ್ಮ ಶಾಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಎಲ್ಲರಿಗೂ ಗೊತ್ತಿರುವುದನ್ನು ಸುಮ್ಮನಿದ್ದು ಮುಚ್ಚಲಾಗುವುದಿಲ್ಲ. ಗೊತ್ತಿಲ್ಲದಿರುವುದು ಒಂದೇ, ಅದು ತಪ್ಪೆಂದು ನಿಮಗೆ ಅನಿಸಿದೆಯೇ ಇಲ್ಲವೇ ಎಂಬುದು.

ನನ್ನ ಸಲಹೆ ವಿವರವಾಗಿಯೇ ಇತ್ತು, ಏಕೆಂದರೆ ಕ್ಷಮೆ ಕೆಡುವುದು ವಿವರಗಳಲ್ಲಿ. ಅವರನ್ನು ನಿಮ್ಮ ಕಚೇರಿಗೆ ಕರೆಸಬೇಡಿ, ಅವರಿರುವಲ್ಲಿಗೆ ನೀವೇ ಹೋಗಿ. ಮೊದಲು ಅವರೊಬ್ಬರಿಗೇ ಹೇಳಿ, ಆಮೇಲೆ ಅವರು ಒಪ್ಪಿದರೆ ಮಾತ್ರ ಸಭೆಯಲ್ಲಿ. ಏನು ಮಾಡಿದಿರಿ ಎಂಬುದನ್ನು ಹೆಸರಿಟ್ಟು ಹೇಳಿ. “ಆದರೆ” ಎಂಬ ಪದ ಬರಕೂಡದು. ಕ್ಷಮಿಸಿದೆ ಎಂದು ಅವರಿಂದ ಹೇಳಿಸಲು ಕಾಯಬೇಡಿ. ಇನ್ನು ಮುಂದೆ ಏನು ಮಾಡುತ್ತೀರಿ ಎಂಬುದನ್ನು ಹೇಳಿ: ಪೋಷಕರ ಎದುರು ಯಾವ ಶಿಕ್ಷಕರ ತೀರ್ಮಾನವನ್ನೂ ಬದಲಿಸುವುದಿಲ್ಲ, ಪೋಷಕರ ಮಾತನ್ನು ಪೂರ್ತಿ ಕೇಳಿ, ಬರೆದುಕೊಂಡು, ಉತ್ತರ ಕೊಡುವ ದಿನ ತಿಳಿಸಿ ಕಳುಹಿಸುತ್ತೇನೆ, ಶಿಕ್ಷಕರೊಂದಿಗೆ ಬೇರೆಯಾಗಿ ಮಾತಾಡುತ್ತೇನೆ, ತೀರ್ಮಾನ ತಪ್ಪಿದ್ದರೆ ಅದನ್ನು ತಿದ್ದುವ ಅವಕಾಶ ಅವರಿಗೇ ಸಿಗುತ್ತದೆ.

ಇದನ್ನು ನನ್ನ ಎದುರೇ ಆಡಿ ನೋಡಿದೆವು. ಮಾತಿನ ನಡುವೆ ಅವರು ಕಾರಣಗಳನ್ನು ಸೇರಿಸುತ್ತಲೇ ಇದ್ದರು: ಆ ದಿನ ತಪಾಸಣೆ ಇತ್ತು, ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ, ಹುಡುಗನ ತಂದೆಯ ಧ್ವನಿ ಅಷ್ಟು ಜೋರಾಗಿತ್ತು. ಒಂದೊಂದನ್ನೇ ತೆಗೆಯುತ್ತಾ ಹೋದೆವು. ಕೊನೆಗೆ ಉಳಿದದ್ದು ಮೂರು ವಾಕ್ಯ. ಅವನ್ನು ಹೇಳಿದಾಗ ಶಿಕ್ಷಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇಳಿದ್ದು ಒಳ್ಳೆಯದಾಯಿತು ಮೇಡಂ” ಎಂದರಂತೆ, ಅಷ್ಟೇ. ಸ್ನೇಹ ಕೂಡಲೇ ಮರಳಲಿಲ್ಲ. ಕೆಲವು ವಾರಗಳ ನಂತರ ಬೇರೊಂದು ತರಗತಿಯ ತೊಂದರೆಯನ್ನು ಅದು ಪೋಷಕರವರೆಗೆ ಹೋಗುವ ಮೊದಲೇ ಆಕೆ ತಾವಾಗಿ ಬಂದು ತಿಳಿಸಿದರು. ನಂಬಿಕೆ ಮರಳುತ್ತಿರುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಈ ಗದ್ದಲದಲ್ಲಿ ಆ ಹುಡುಗನನ್ನು ಎಲ್ಲರೂ ಮರೆತಿದ್ದರು. ಸೊನ್ನೆ ಕೊಟ್ಟರು, ಸೊನ್ನೆ ತೆಗೆದರು, ಮರುಪರೀಕ್ಷೆ ಆಯಿತು. ಏಕೆ ನಕಲು ಮಾಡಿದೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದಾಗ ಅವರಿಗೆ ನಿಜಕ್ಕೂ ನೋವಾಯಿತು. ಆಮೇಲೆ ಇಂಗ್ಲಿಷ್ ಶಿಕ್ಷಕಿಯೂ ಅವರೂ ಒಟ್ಟಿಗೆ ಕೂತು ಅವನ ಜೊತೆ ಮಾತಾಡಿದರು. ಅವನಿಗೆ ಓದಿದ್ದು ಅರ್ಥವಾಗುತ್ತಿರಲಿಲ್ಲ. ಕಡಿಮೆ ಅಂಕ ತೆಗೆದುಕೊಂಡು ಹೋದರೆ ಮನೆಯಲ್ಲಿ ಏಟು ಬೀಳುತ್ತಿತ್ತು. ತಂದೆಯ ಜೊತೆಗಿನ ಮುಂದಿನ ಮಾತುಕತೆ ಬೇರೆಯದೇ ಆಗಬೇಕಾಯಿತು. ಅದಕ್ಕೆ ಮಕ್ಕಳ ಆಪ್ತಸಲಹೆಗಾರರ ನೆರವು ಪಡೆಯಲು ಹೇಳಿದೆ. ಅದರ ವಿವರ ಹುಡುಗನಿಗೆ ಸೇರಿದ್ದು, ಇಲ್ಲಿ ಬೇಡ.

ಇನ್ನು ಪುಸ್ತಕದ ಪಕ್ಕದ ಕಲಂ. “ದಣಿವು”, “ಕಿರಿಕಿರಿ”, “ಭಯ”, “ಮಂಕು” ಎಂಬ ಪದಗಳ ನಡುವೆ ಅಲ್ಲೊಂದು ಇಲ್ಲೊಂದು “ಹಗುರ” ಎಂದಿತ್ತು. ಆ ಪದ ಇರುವ ಸಾಲುಗಳನ್ನೆಲ್ಲ ಗುರುತು ಹಾಕಿ ಎಂದೆ. ಹಾಕಿದರು. ಎಲ್ಲವೂ ವಿಜ್ಞಾನದ ಶಿಕ್ಷಕರೊಬ್ಬರು ರಜೆ ಹಾಕಿದ ದಿನಗಳವು. ಅವರ ತರಗತಿಗೆ ಇವರೇ ಹೋಗಿ ಪಾಠ ಮಾಡಿದ ಅವಧಿಗಳು.

ಈ ಶಿಕ್ಷಕರು ಇವರ ಬಹುಕಾಲದ ಗೆಳೆಯರು, ವಯಸ್ಸಿನಲ್ಲಿ ಹಿರಿಯರು. ಒಂದೂವರೆ ವರ್ಷದಿಂದ ಅವರ ಮೇಲೆ ದೂರುಗಳಿದ್ದವು. ಪ್ರಶ್ನೆ ಕೇಳಿದರೆ ಉತ್ತರಿಸುವುದಿಲ್ಲ, ಬರೀ ನೋಟ್ಸ್ ಬರೆಸುತ್ತಾರೆ, ರಜೆ ಹೆಚ್ಚು ಎಂದು ಮಕ್ಕಳೂ ಪೋಷಕರೂ ಹೇಳುತ್ತಿದ್ದರು. ಗೆಳೆಯರನ್ನು ಹೇಗೆ ಕೇಳುವುದು ಎಂದು ಇವರು ಸುಮ್ಮನಿದ್ದರು, ಅವರ ತರಗತಿಗಳನ್ನು ತಾವೇ ತುಂಬುತ್ತಿದ್ದರು. ಇದನ್ನು ತ್ಯಾಗವೆಂದೇ ಅವರು ಭಾವಿಸಿದ್ದರು. ಈಗ ಗುರುತು ಹಾಕಿದ ಸಾಲುಗಳನ್ನು ನೋಡುತ್ತಾ, “ಅವರು ರಜೆ ಹಾಕಿದ ದಿನ ನನಗೆ ಸಂತೋಷವಾಗುತ್ತಿತ್ತು” ಎಂದರು. ಹೇಳುವಾಗ ಧ್ವನಿ ನಡುಗಿತು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಇದು. ಅವರಿಗೆ ಶಾಲೆ ನಡೆಸಲು ಬರುವುದಿಲ್ಲ ಎಂಬುದು ಸುಳ್ಳು. ತಾವು ಪ್ರೀತಿಸಿದ ಕೆಲಸವನ್ನು ಕಳೆದುಕೊಂಡ ದುಃಖ ಅವರಲ್ಲಿತ್ತು. ಬಡ್ತಿ ಸಂತೋಷದ ಸಂಗತಿ ಎಂದು ಎಲ್ಲರೂ ಹೇಳಿದ್ದರಿಂದ ದುಃಖಿಸಲು ಅವಕಾಶವೇ ಇರಲಿಲ್ಲ. ಹೇಳಿಕೊಳ್ಳಲಾಗದ ಆ ದುಃಖ ತನಗೊಂದು ಕಳ್ಳದಾರಿ ಕಂಡುಕೊಂಡಿತ್ತು. ಗೆಳೆಯರ ಖಾಲಿ ತರಗತಿ ಅವರಿಗೆ ಕಪ್ಪುಹಲಗೆ ಕೊಡುತ್ತಿತ್ತು. ಆದ್ದರಿಂದಲೇ ಗೆಳೆಯರೊಂದಿಗಿನ ಮಾತನ್ನು ಅವರು ಮುಂದೂಡುತ್ತಿದ್ದರು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ಹೇಳಿದೆ. ಆದರೆ ಎರಡನ್ನೂ ಬಿಡಿಸಬೇಕು: ನಿಮಗೆ ತರಗತಿ ಬೇಕಿದ್ದರೆ ವೇಳಾಪಟ್ಟಿಯಲ್ಲೇ ಬಹಿರಂಗವಾಗಿ ತೆಗೆದುಕೊಳ್ಳಿ, ಅವರ ಜೊತೆಗಿನ ಮಾತನ್ನು ಇನ್ನು ತಡಮಾಡಬೇಡಿ.

ಆ ಮಾತುಕತೆಗೆ ಅವರು ತುಂಬ ಹೆದರಿದ್ದರು. ಗದರಿಸಲು ಮನಸ್ಸಿಲ್ಲ, ಬೇಡಿಕೊಳ್ಳುವುದು ಸರಿಯಲ್ಲ, ಮೂರನೆಯ ದಾರಿ ಕಾಣುತ್ತಿರಲಿಲ್ಲ. ಒಂದು ಮಗು ಲೆಕ್ಕ ತಪ್ಪು ಮಾಡಿದಾಗ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ಉತ್ತರ ತಪ್ಪು ಎಂದು ಹೇಳುವುದಿಲ್ಲ. ಈ ಹೆಜ್ಜೆ ಹೇಗೆ ಬಂತು, ತೋರಿಸು ಎನ್ನುತ್ತೇನೆ. ಮಗು ಸುಮ್ಮನೆ ತಪ್ಪು ಮಾಡುವುದಿಲ್ಲ, ಅದಕ್ಕೊಂದು ದಾರಿ ಇರುತ್ತದೆ” ಎಂದರು. ಗೆಳೆಯರನ್ನೂ ಹಾಗೆಯೇ ಕೇಳಿ ಎಂದೆ. ಕಂಡದ್ದನ್ನು ಕಂಡಂತೆ ಮುಂದಿಡಿ, ಮೃದುಮಾಡಬೇಡಿ: ಮಕ್ಕಳು ಹೇಳಿದ್ದು ಇದು, ರಜೆಯ ಲೆಕ್ಕ ಇದು, ನಾನು ತರಗತಿಯಲ್ಲಿ ನೋಡಿದ್ದು ಇದು. ಆಮೇಲೆ ಒಂದೇ ಪ್ರಶ್ನೆ: ಇದು ಹೇಗೆ ಬಂತು? ಕೇಳಿದ ಮೇಲೆ ಮೌನವನ್ನು ತುಂಬಲು ಹೋಗಬೇಡಿ. ಗೆಳೆತನವನ್ನು ನೆನಪಿಸಿ ಅವರನ್ನು ಋಣದಲ್ಲಿ ಸಿಕ್ಕಿಸಬೇಡಿ.

ಬಹಳ ಹೊತ್ತಿನ ಮೌನದ ನಂತರ ಅವರು ಹೇಳಿದ್ದು ಇವರು ಊಹಿಸಿಯೇ ಇರದ ಸಂಗತಿ. ಅವರಿಗೆ ಕಿವಿ ಮಂದವಾಗುತ್ತಿತ್ತು. ವಯಸ್ಸಿನ ಜೊತೆ ಬರುವ ಕಿವುಡಿನಲ್ಲಿ ಮೊದಲು ಜಾರಿಹೋಗುವುದು ಎತ್ತರದ ಸ್ವರಗಳು. ಎದುರಿಗೆ ಕೂತು ಮಾತಾಡುವ ದೊಡ್ಡವರ ಧ್ವನಿ ಕೇಳಿಸುತ್ತದೆ. ಗದ್ದಲವಿರುವ ಕೋಣೆಯಲ್ಲಿ ಹಿಂದಿನ ಬೆಂಚಿನ ಮಗುವಿನ ಸಣ್ಣ ಧ್ವನಿ ಒಡೆದು ಬರುತ್ತದೆ. ಒಮ್ಮೆ ಪ್ರಶ್ನೆಯನ್ನು ತಪ್ಪಾಗಿ ಕೇಳಿಸಿಕೊಂಡು ಏನೋ ಉತ್ತರ ಕೊಟ್ಟಾಗ ತರಗತಿಯೆಲ್ಲ ನಕ್ಕಿತ್ತಂತೆ. ಅಂದಿನಿಂದ ಪ್ರಶ್ನೆಗೆ ಅವಕಾಶವೇ ಇಲ್ಲದಂತೆ ನೋಟ್ಸ್ ಬರೆಸತೊಡಗಿದ್ದರು. ಮೂವತ್ತು ವರ್ಷ ಪಾಠ ಹೇಳಿದವರು ಹೀಗೆ ಒಳಗೊಳಗೇ ಹೆದರಿ ಕೂತಿದ್ದರು ಎಂದು ಕೇಳಿ ನನಗೂ ಸಂಕಟವಾಯಿತು.

ಎಲ್ಲ ಮಾತುಕತೆಗಳೂ ಇಂಥ ಕಾರಣಕ್ಕೇ ತಲುಪುವುದಿಲ್ಲ. ಬರೀ ಉದಾಸೀನ ಎಂದು ಕಂಡುಬಂದಿದ್ದರೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಹೇಳಿಟ್ಟಿದ್ದೆ: ಏನು ಬದಲಾಗಬೇಕು, ಎಷ್ಟರೊಳಗೆ ಎಂದು ಲಿಖಿತವಾಗಿ ಗೊತ್ತುಮಾಡುವುದು, ತರಗತಿಗೆ ಹೋಗಿ ನೋಡುವುದು, ಬದಲಾಗದಿದ್ದರೆ ಆಡಳಿತ ಮಂಡಳಿಗೆ ತಿಳಿಸುವುದು. ಕಾರಣ ಅನುಕಂಪ ಹುಟ್ಟಿಸುವಂಥದ್ದಾದರೂ ಮಕ್ಕಳಿಗೆ ವಿಜ್ಞಾನದ ಪಾಠ ಸಿಗಲೇಬೇಕು. ಆದ್ದರಿಂದ ಇಲ್ಲಿಯೂ ದಿನ ಗೊತ್ತುಮಾಡಲು ಹೇಳಿದೆ. ತಪಾಸಣೆ ಯಾವಾಗ, ಅಲ್ಲಿಯವರೆಗೆ ತರಗತಿ ಹೇಗೆ. ಅವರ ತರಗತಿಗಳನ್ನು ಮೈದಾನದ ಪಕ್ಕದಿಂದ ಸದ್ದಿಲ್ಲದ ಕೋಣೆಗೆ ಬದಲಿಸಿದರು. ಪ್ರಶ್ನೆ ಇರುವ ಮಗು ಕೈಯೆತ್ತಿ, ಎದ್ದು ನಿಂತು, ಅವರ ಮುಖ ನೋಡಿ ಕೇಳುವುದು ನಿಯಮವಾಯಿತು. ಕಿವಿಯಂತ್ರಕ್ಕೆ ಅವರು ಹಲವು ವಾರ ಒಪ್ಪಲಿಲ್ಲ. ವಿಷಯ ಬೇರೆ ಶಿಕ್ಷಕರಿಗೆ ಗೊತ್ತಾಗಬಾರದು ಎಂಬ ಷರತ್ತನ್ನು ಮುಖ್ಯೋಪಾಧ್ಯಾಯಿನಿ ಪಾಲಿಸಿದರು. ಇದರಿಂದ, ಗೆಳೆಯರಿಗೆ ವಿನಾಯಿತಿ ಕೊಡುತ್ತಾರೆ ಎಂಬ ಮಾತನ್ನೂ ಕೇಳಬೇಕಾಯಿತು. ಹೇಳಲಾಗದ ಕಾರಣವನ್ನು ಎದೆಯಲ್ಲಿಟ್ಟುಕೊಂಡು ಅಂಥ ಮಾತು ಕೇಳುವುದು ಮುಖ್ಯಸ್ಥರ ಕೆಲಸದ ತೀರ ಕಷ್ಟದ ಭಾಗ. ಅದನ್ನು ಹಗುರಮಾಡುವ ಉಪಾಯ ನನಗೆ ಗೊತ್ತಿಲ್ಲ. ಅಂಥ ದಿನಗಳಲ್ಲಿ ನನಗೆ ಕರೆ ಮಾಡಿ ಎಂದಷ್ಟೇ ಹೇಳಿದ್ದೆ.

ತಾವು ಮತ್ತೆ ಪಾಠ ಮಾಡುವ ವಿಷಯದಲ್ಲಿ ಅವರಿಗೆ ತಪ್ಪಿತಸ್ಥ ಭಾವವಿತ್ತು. ಕಚೇರಿಯ ಕೆಲಸ ಬಿಟ್ಟು ಇಷ್ಟದ ಕೆಲಸಕ್ಕೆ ಓಡಿಹೋದಂತೆ ಆಗುವುದಿಲ್ಲವೇ ಎಂದರು. ವಿವಿಯನ್ ರಾಬಿನ್ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯನ್ನು ಅವರ ಮುಂದಿಟ್ಟೆ. ಶಾಲಾ ನಾಯಕತ್ವದ ಐದು ಬಗೆಯ ಕೆಲಸಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪರಿಣಾಮ ಕಂಡದ್ದು, ಶಿಕ್ಷಕರ ಕಲಿಕೆಯನ್ನು ಮುಖ್ಯಸ್ಥರು ಉತ್ತೇಜಿಸಿ ತಾವೂ ಅದರಲ್ಲಿ ಪಾಲ್ಗೊಳ್ಳುವುದು. ಅದರ ಪರಿಣಾಮದ ಪ್ರಮಾಣ 0.84, ಇಂಥ ಅಧ್ಯಯನಗಳಲ್ಲಿ ಇದು ದೊಡ್ಡದು. ಮುಖ್ಯಸ್ಥರು ಪಾಠ ಮಾಡಲೇಬೇಕು ಎಂದು ಇದರ ಅರ್ಥವಲ್ಲ ಎಂಬುದನ್ನೂ ಹೇಳಿದೆ. ಕಲಿಸುವ ಕೆಲಸದ ಒಳಗೆ ಶಿಕ್ಷಕರ ಜೊತೆ ಕೂರುವ ಮುಖ್ಯಸ್ಥರಿಂದ ಮಕ್ಕಳಿಗೆ ಲಾಭವಿದೆ ಎಂಬುದು ಅದರ ಸಾರ. ಈ ಎರಡನ್ನೂ ಸೇರಿಸಿ ಒಂದು ಏರ್ಪಾಟು ಮಾಡಿಕೊಂಡರು. ಎಂಟನೇ ತರಗತಿಯ ಒಂದು ವಿಭಾಗದ ಗಣಿತ ಅವರದು. ವಾರಕ್ಕೊಮ್ಮೆ ಗಣಿತ ಮತ್ತು ವಿಜ್ಞಾನದ ಶಿಕ್ಷಕರೆಲ್ಲ ಮಕ್ಕಳ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಕೂರುತ್ತಾರೆ. ಈ ತಪ್ಪು ಹೇಗೆ ಬಂತು ಎಂದು ಒಟ್ಟಿಗೆ ಹುಡುಕುತ್ತಾರೆ. ತಮ್ಮ ತರಗತಿಯ ಪತ್ರಿಕೆಗಳನ್ನು ಮೊದಲು ಮುಂದಿಡುವವರು ಮುಖ್ಯೋಪಾಧ್ಯಾಯಿನಿಯೇ. ಹಿಂದೆ ತಮ್ಮ ತರಗತಿಗಳನ್ನು ಪಡೆದಿದ್ದ ಕಿರಿಯ ಶಿಕ್ಷಕಿಯಿಂದ ಯಾವುದನ್ನೂ ಕಿತ್ತುಕೊಳ್ಳಬಾರದು ಎಂದು ಎಚ್ಚರಿಸಿದ್ದೆ. ಆದ್ದರಿಂದಲೇ ಹೊಸ ವಿಭಾಗ.

ಅಷ್ಟಕ್ಕೆ ಹೊತ್ತು ಸಿಗಬೇಕಾದರೆ ಏನನ್ನಾದರೂ ಬಿಡಬೇಕು. ಪರೀಕ್ಷೆಯ ಹೊಣೆಯನ್ನೂ ಕಟ್ಟಡದ ಹೊಣೆಯನ್ನೂ ಹಿರಿಯ ಸಹಶಿಕ್ಷಕರೊಬ್ಬರಿಗೆ ಒಪ್ಪಿಸಿದರು. ಕೆಲಸ ಒಪ್ಪಿಸಿ ತೀರ್ಮಾನವನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರೆ ಇಬ್ಬರಿಗೂ ಹಿಂಸೆ ಎಂದು ಹೇಳಿದ್ದೆ. ಅದನ್ನು ಪಾಲಿಸಲು ಅವರು ಇನ್ನೂ ಕಷ್ಟಪಡುತ್ತಿದ್ದಾರೆ. ಪೋಷಕರ ಸಂದೇಶಗಳಿಗೆ ಸಂಜೆಯ ಒಂದು ಹೊತ್ತಿನ ನಂತರ ಉತ್ತರವಿಲ್ಲ, ತುರ್ತಿಗೆ ಕರೆ ಮಾಡಬಹುದು ಎಂದು ಎಲ್ಲರಿಗೂ ತಿಳಿಸಿದರು. ಗೊಣಗಿದವರು ಕೆಲವರು, ಮೆಚ್ಚಿದವರೇ ಹೆಚ್ಚು.

ಅವಧಿ ಮುಗಿದ ಮೇಲೆ, ಗೊತ್ತುಮಾಡಿದ ದಿನ, ಹುದ್ದೆಯ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡೆವು. ನಿದ್ದೆ ಬಹುಪಾಲು ಮರಳಿತ್ತು, ಪ್ರಶ್ನಾವಳಿಯ ಅಂಕ 5ಕ್ಕೆ ಇಳಿದಿತ್ತು. ಮತ್ತೆ ಶಿಕ್ಷಕಿಯಾಗಲು ಬಯಸಿದರೆ ಅದು ಗೌರವದ ದಾರಿ, ಹಿಂಬಡ್ತಿ ಅಲ್ಲ ಎಂದು ನಾನು ಮನಸಾರೆ ಹೇಳಿದೆ. ಅವರು ಹುದ್ದೆಯಲ್ಲಿ ಮುಂದುವರಿಯಲು ನಿರ್ಧರಿಸಿದರು, ಆದರೆ ನಿವೃತ್ತಿಯವರೆಗೆ ಎಂದಲ್ಲ. ಹಿರಿಯ ಸಹಶಿಕ್ಷಕರು ಹೊಣೆ ಹೊರಲು ಸಿದ್ಧರಾಗುವವರೆಗೆ, ಆಮೇಲೆ ತರಗತಿಗೆ ಮರಳುವ ಆಯ್ಕೆ ತೆರೆದಿರಲಿ ಎಂದು ಆಡಳಿತ ಮಂಡಳಿಯೊಂದಿಗೆ ಮಾತಾಡಿದ್ದಾರೆ. ಮಂಡಳಿ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.

ನನ್ನ ಕೊನೆಯ ಸಲಹೆ, ಬೇರೊಂದು ಶಾಲೆಯ ಮುಖ್ಯಸ್ಥರೊಬ್ಬರನ್ನು ಹುಡುಕಿಕೊಂಡು ತಿಂಗಳಿಗೊಮ್ಮೆ ಭೇಟಿಯಾಗಬೇಕು ಎಂಬುದು. ಒಬ್ಬರ ಅಧೀನದಲ್ಲಿ ಇನ್ನೊಬ್ಬರಿರಬಾರದು, ಆಡಿದ ಮಾತು ಹೊರಗೆ ಹೋಗಬಾರದು, ಒಬ್ಬರಿಗೊಬ್ಬರು ಬುದ್ಧಿ ಹೇಳುವ ಅವಸರ ಬೇಡ. ಅಂಥವರೊಬ್ಬರು ಸಿಕ್ಕಿದ್ದಾರೆ, ಇವರಿಗಿಂತ ಚಿಕ್ಕವರು, ಈ ವರ್ಷವಷ್ಟೇ ಅಧಿಕಾರ ವಹಿಸಿಕೊಂಡವರು. ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಒತ್ತಡ ಮತ್ತೆ ಏರುತ್ತದೆ. ಆಗ ನಿದ್ದೆ ಸತತ ಎರಡು ವಾರ ಕೆಟ್ಟರೆ ಕಾಯದೆ ವೈದ್ಯರನ್ನೂ ನನ್ನನ್ನೂ ಕಾಣಬೇಕು ಎಂದು ಮಾತಾಗಿದೆ.